ಬೇಸಿಗೆಯ ಏಳು ನಿಮಿಷ

ನಕ್ಷೆ ನೋಡುತ್ತ ಕೂತರೆ ನನಗೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಹೊಸಪೇಟೆಯ ನಮ್ಮ ಯೋಜನಾ ಕಚೇರಿಯಲ್ಲಿ ಹೊಸ ಬಡಾವಣೆಯ ಹಾಳೆ ಬಿಚ್ಚಿದರೆ ಸಾಕು, ಇನ್ನೂ ಹುಟ್ಟದ ಬೀದಿಗಳಲ್ಲಿ ನಾನು ಅಡ್ಡಾಡತೊಡಗುತ್ತೇನೆ. ಮೂಲೆಯ ನಿವೇಶನದ ಮಾಳಿಗೆಯ ಮೇಲೆ ಯಾರೋ ಸಂಡಿಗೆ ಇಟ್ಟಿದ್ದಾರೆ. ಅದರ ಪಕ್ಕದ ಮನೆಯ ಮುದುಕ ಕಟ್ಟೆಯ ಮೇಲೆ ಪೇಪರ್ ಹಿಡಿದು ತೂಕಡಿಸುತ್ತಿದ್ದಾನೆ. ಪಾರ್ಕ್ ಎಂದು ಹಸಿರು ಬಳಿದ ಜಾಗಕ್ಕೆ ಎಮ್ಮೆ ನುಗ್ಗಿದೆ. "ಮೇಡಂ, ಕನಸು ಮುಗೀತೇನ್ರಿ? ಸ್ವಲ್ಪ ಸ್ಕೇಲ್ ಇಡ್ರಿ" ಎಂದು ಸಾಹೇಬರು ಕೂಗಿದ ಮೇಲೇ ನಾನು ಕುರ್ಚಿಗೆ ಮರಳುವುದು. ಆಗೆಲ್ಲ ಅವರ ಮೇಲೆ ಸಿಟ್ಟು ಬರುತ್ತಿತ್ತು. ಇನ್ನಷ್ಟು ಜೋರಾಗಿ ಕೂಗಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ನನ್ನ ಕೆಲಸ ದೊಡ್ಡದೇನಲ್ಲ. ಯಾರಾದರೂ ಹೊಲವನ್ನು ಬಡಾವಣೆ ಮಾಡುತ್ತೇವೆಂದು ಅರ್ಜಿ ಹಾಕಿದರೆ, ಅದು ಈ ಭಾಗದ ಸಾರಿಗೆ ಯೋಜನೆಗೆ ಹೊಂದುತ್ತದೋ ಇಲ್ಲವೋ ಎಂದು ನೋಡಿ ವರದಿ ಬರೆಯಬೇಕು. ಹಂಪಿಯ ಪ್ರವಾಸಿಗಳ ಕಾರು, ಸಂಡೂರಿನ ಅದಿರಿನ ಲಾರಿ, ಕಂಪ್ಲಿಯ ಭತ್ತದ ಟ್ರ್ಯಾಕ್ಟರ್, ಎಲ್ಲದರ ಬಗ್ಗೆಯೂ ಆ ಯೋಜನೆಯಲ್ಲಿ ಪುಟಗಟ್ಟಲೆ ಬರೆದಿದೆ. ನನಗೆ ಹಿಡಿಸಿದ್ದು ಮಾತ್ರ ಒಂದೇ ಗುರಿ: ಹೊಸ ಮನೆ ಎಲ್ಲೇ ಏಳಲಿ, ಹತ್ತು ನಿಮಿಷ ನಡೆದರೆ ಬಸ್ಸು ಸಿಗಬೇಕು. ಗಾಡಿ ಇಲ್ಲದವರೂ ಬದುಕಬೇಕಲ್ಲ! ಅದನ್ನು ಓದುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದವಳು ಅಕ್ಕ.

ಅಕ್ಕ ಕಂಪ್ಲಿಯ ಶಾಲೆಯೊಂದರಲ್ಲಿ ಟೀಚರ್. ಮದುವೆ ಬೇಡವೆಂದಳು, ಹೊಸಪೇಟೆಯಲ್ಲಿ ಒಂಟಿಯಾಗಿ ಬಾಡಿಗೆ ಮನೆ ಹಿಡಿದಳು. ಸ್ಕೂಟಿ ಕಲಿಯಲು ಹೋಗಿ ಬಿದ್ದು ಸೊಂಟ ನೋಯಿಸಿಕೊಂಡ ಮೇಲೆ ಅವಳಿಗೆ ಬಸ್ಸೇ ಗತಿ. ನಡೆಯುತ್ತಾಳೆ, ಆದರೆ ಭಾರವನ್ನೆಲ್ಲ ಒಂದೇ ಕಾಲಿಗೆ ಹಾಕಿ ನಿಧಾನಕ್ಕೆ. ಆ ಬಾಡಿಗೆ ಮನೆಯಲ್ಲಿ ಮೂರು ಸಂಸಾರಕ್ಕೆ ಒಂದೇ ಬಚ್ಚಲು. ಇವಳು ಒಳಗೆ ಹೋದರೆ ಮನೆಯೊಡತಿ ಹೊರಗೆ ನಿಂತು, "ಎಷ್ಟೊತ್ತು ಟೀಚರ್, ನೀರೇನು ನಿಮ್ಮಪ್ಪನ ಮನೀದೇನ್ರಿ?" ಎಂದು ಬಾಗಿಲು ಬಡಿಯುತ್ತಿದ್ದಳು. ಐವತ್ತು ದಾಟಿದವಳಿಗೆ ಇದು ಕೇಳುವ ಮಾತೇ?

"ನಂದು ಅಂತ ಒಂದು ಮನಿ ಆಗಬೇಕು ನೋಡು ತಂಗೀ. ದೊಡ್ಡದು ಬ್ಯಾಡ. ಒಳಗ ಹೋಗಿ ಚಿಲಕ ಹಾಕ್ಕೊಂಡ್ರ ಯಾರೂ ಕೇಳಬಾರ್ದು, ಅಷ್ಟ ಸಾಕು" ಎನ್ನುತ್ತಿದ್ದಳು ಅಕ್ಕ.

ಪಾಪಿನಾಯಕನಹಳ್ಳಿ ಕಡೆಯ ಬಡಾವಣೆಯೊಂದರ ಅರ್ಜಿ ಬಂದದ್ದು ಆಗಲೇ. ಸಣ್ಣ ಸಣ್ಣ ನಿವೇಶನಗಳು, ಅವಳಂಥವರ ಕೈಗೂ ಎಟುಕುವಂಥವು. ನಾನು ಅವಳ ಮುಂದೆ ಬಾಯಿಬಿಟ್ಟೆ. ಬಿಡಬಾರದಿತ್ತು. ಮರುದಿನ ನಾನು ಜಾಗ ನೋಡಲು ಹೊರಟರೆ, ಚಿತ್ರಾನ್ನ ಕಟ್ಟಿಕೊಂಡು ಅವಳೂ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು.

ಏಪ್ರಿಲ್‌ನ ಬೆಳಗು. ಬಸ್ಸು ನಮ್ಮನ್ನು ಹೆದ್ದಾರಿಯಲ್ಲಿ ಇಳಿಸಿತು. ಆ ಹೊಲಕ್ಕೂ ಹೆದ್ದಾರಿಗೂ ನಡುವೆ ಕಾಲುವೆ. ಬೇಸಿಗೆಯಾದ್ದರಿಂದ ಡ್ಯಾಮಿನವರು ನೀರು ನಿಲ್ಲಿಸಿದ್ದರು. ಬಟ್ಟೆ ಒಗೆಯುವ ಮೆಟ್ಟಿಲುಗಳನ್ನು ಹಿಡಿದು ತಳಕ್ಕೆ ಇಳಿದೆವು. ಇಳಿದದ್ದೇ ತಡ, ಲಾರಿಗಳ ಸದ್ದೆಲ್ಲ ಮೇಲೆಯೇ ಉಳಿಯಿತು. ಒಣಗಿದ ಕೆಸರು ಬಿಲ್ಲೆ ಬಿಲ್ಲೆಯಾಗಿ ಬಿರಿದು, ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು. ಎಲ್ಲೆಲ್ಲೂ ಬಿಳಿಯ ಪುಟಾಣಿ ಚಿಪ್ಪುಗಳು. ಸ್ವಲ್ಪ ನೀರು ನಿಂತಲ್ಲಿ ಬೆಳ್ಳಕ್ಕಿಯೊಂದು ನಮ್ಮನ್ನು ನೋಡಿಯೂ ಏಳಲಿಲ್ಲ. ಎರಡು ದಂಡೆಗಳ ನಡುವೆ ಮೇಲೆ ಬರೀ ಆಕಾಶ, ಉದ್ದಕ್ಕೆ ಹಾಸಿದಂತೆ. ಅಕ್ಕ ಚಪ್ಪಲಿ ಕೈಲಿ ಹಿಡಿದು, ಸೀರೆಯ ನಿರಿಗೆ ಎತ್ತಿಕೊಂಡು, ಎಳೆಯ ಹುಡುಗಿಯ ಹಾಗೆ ನಡೆಯುತ್ತಿದ್ದಳು. ಎಷ್ಟು ದಿನದ ಮೇಲೆ ಅವಳ ಮುಖ ಹಾಗೆ ಕಂಡಿತೆಂದರೆ ನನಗೆ ಸುಮ್ಮನೆ ಅಳು ಬಂತು.

ಆಚೆ ದಂಡೆ ಹತ್ತಿ ಗಡಿಯಾರ ನೋಡಿದೆ. ಬಸ್ಸಿಳಿದಲ್ಲಿಂದ ಹೊಲದ ಬದುವಿಗೆ ಏಳು ನಿಮಿಷ.

"ಏಳೇನು? ಅದೂ ನನ್ನ ನಡಿಗೀಲೆ? ಮಸ್ತ್ ಆತು ಬಿಡು!" ಎಂದು ಅಕ್ಕ ಚಪ್ಪಾಳೆ ಹೊಡೆದಳು.

ಆಮೇಲೆ ಅವಳು ಕೋಲು ಹಿಡಿದು ಮಣ್ಣಿನಲ್ಲಿ ಗೆರೆ ಎಳೆದಳು. ಇದು ಅಡುಗೆ ಮನೆ, ಇದು ಬಚ್ಚಲು, ಇಲ್ಲೊಂದು ದುಂಡುಮಲ್ಲಿಗೆ. ಗೆರೆಯೊಳಗೆ ಹೋಗಿ ನಿಂತು, ಇಲ್ಲದ ಬಾಗಿಲಿಗೆ ಚಿಲಕ ಹಾಕಿಕೊಂಡಳು. ನಾನು ಹೊರಗೆ ನಿಂತು ಕಾದೆ. ಇಬ್ಬರಿಗೂ ನಗು ಬರಲಿಲ್ಲ. ಆ ಮನೆ ಅಲ್ಲಿ ಇದ್ದೇ ಇತ್ತು, ನನಗೂ ಕಾಣುತ್ತಿತ್ತು.

ವರದಿಯಲ್ಲಿ ಬರೆದೆ: ಬಸ್ಸಿಗೆ ಏಳು ನಿಮಿಷದ ನಡಿಗೆ, ಯೋಜನೆಯ ಗುರಿಗೆ ಹೊಂದುತ್ತದೆ.

ಹೊರಗಿನವರು ಯಾರೇ ಆಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ. ಕಾಲುವೆ ಕಂಡ ಕೂಡಲೇ ಸೇತುವೆ ಎಲ್ಲಿ ಎಂದು ಕೇಳುತ್ತಿದ್ದರು. ನಾವು ಕಾಲುವೆಯ ದಂಡೆಯಲ್ಲೇ ಬೆಳೆದವರು. ಬೇಸಿಗೆ ಬಂತೆಂದರೆ ನಮಗದು ದಾರಿಯೇ. ಕುರಿ ಹೋಗುತ್ತವೆ, ಸೈಕಲ್ ಹೋಗುತ್ತವೆ, ಮದುವೆಗೆ ಹೊರಟವರೂ ಹೋಗುತ್ತಾರೆ. ನಡೆದು ದಾಟಿದ ಜಾಗದಲ್ಲಿ ಮಳೆಗಾಲಕ್ಕೆ ನೀರಿರುತ್ತದೆ ಎಂಬುದು ನನ್ನ ತಲೆಗೇ ಬರಲಿಲ್ಲ. ಅಯ್ಯೋ ನನ್ನ ಬುದ್ಧಿಗಿಷ್ಟು!

ಮಳೆಗಾಲ ಬಂತು, ಡ್ಯಾಂ ತುಂಬಿತು, ಕಾಲುವೆಗೆ ನೀರು ಬಿಟ್ಟರು. ಅದೊಂದು ದಿನ ಬೇರೆ ಕೆಲಸಕ್ಕೆ ಆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಿಟಕಿಯಾಚೆ ಕಾಲುವೆ ದಂಡೆಯ ಮಟ್ಟಕ್ಕೆ ತುಂಬಿ, ಸದ್ದಿಲ್ಲದೆ, ಮೋಡಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತಿತ್ತು. ಎಷ್ಟು ಚೆಂದ ಎಂದುಕೊಂಡೆ. ನಿಜವಾಗಿಯೂ ಅದೇ ನನ್ನ ಮೊದಲ ಯೋಚನೆ. ನಾವು ಇಳಿದಿದ್ದ ಮೆಟ್ಟಿಲುಗಳಲ್ಲಿ ಮೇಲಿನವೆರಡು ಮಾತ್ರ ಕಾಣುತ್ತಿದ್ದವು. ಆಗ ನನ್ನ ಏಳು ನಿಮಿಷ ನೆನಪಾಯಿತು.

ಅಲ್ಲೇ ಇಳಿದೆ. ಸೇತುವೆ ಹುಡುಕಿಕೊಂಡು ಸುತ್ತಿ ಹೋದೆ, ಬೇಕೆಂದೇ ಅಕ್ಕನ ಹಾಗೆ ನಿಧಾನಕ್ಕೆ. ದಾರಿಯುದ್ದಕ್ಕೂ ಅದಿರಿನ ಲಾರಿಗಳು, ಕೆಂಪು ಧೂಳು, ಕಾಲಿಡಲು ರಸ್ತೆಯಂಚಿನಲ್ಲಿ ಒಂದು ಗೇಣು ಜಾಗವಿಲ್ಲ. ಹೊಲ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ ಮೀರಿತ್ತು.

ಸಾಹೇಬರ ಮುಂದೆ ಎಲ್ಲ ಹೇಳಿದೆ, ಅಕ್ಕನ ವಿಷಯವನ್ನೂ. ಅವರು ಹಣೆ ಉಜ್ಜಿಕೊಂಡರು. "ಊರಿಗೊಂದು ದಾರಿ, ಎಡವಟ್ಟನಿಗೊಂದು ದಾರಿ ಅಂತಾರಲ್ಲ, ಹಂಗಾತು ನಿಮ್ದು. ಅಲ್ರಿ, ಬ್ಯಾಸಿಗಿ ಪೂರ್ತಿ ನೀರಿರಂಗಿಲ್ಲ. ಅರ್ಧ ವರ್ಷ ನಿಮ್ಮ ವರದಿ ಸರೀನ ಐತಲ್ರಿ!" ಎಂದು ನಕ್ಕರು. ನಾನು ನಗಲಿಲ್ಲ. ಅವರೂ ನಗು ನಿಲ್ಲಿಸಿದರು. "ತಿದ್ದಿ ಬರೀರಿ. ಮೊದಲು ಸೇತುವೆ, ಆಮ್ಯಾಲೆ ಮನಿ ಅಂತ. ಆದ್ರ ಸೇತುವೆ ಕಟ್ಟಾಕ ಆ ಹೊಲದ ಮಾಲಕ ಒಪ್ಪಂಗಿಲ್ಲ. ಅರ್ಜಿ ವಾಪಸ್ ತಗೊಂತಾನ, ತಿಳ್ಕೊಂಡಿರ್ರಿ."

ತಿದ್ದುವ ಮೊದಲು ಅಕ್ಕನಿಗೆ ಹೇಳಬೇಕೆನ್ನಿಸಿತು. ಅವಳು ಶಾಲೆಯ ನೋಟ್‌ಬುಕ್ಕಿನಲ್ಲಿ ಬಣ್ಣದ ಪೆನ್ಸಿಲ್‌ನಿಂದ ಮನೆ ಬರೆದಿಟ್ಟಿದ್ದಳು, ಕಿಟಕಿಗೆ ಪರದೆ ಸಮೇತ. ನನ್ನ ಮಾತು ಮುಗಿದ ಮೇಲೆ ಆ ನೋಟ್‌ಬುಕ್ ಮುಚ್ಚಿದಳು.

"ನಡಿಯಾಕಿ ನಾನು. ಸುತ್ತಾದ್ರ ನಾ ಸುತ್ತತೀನಿ. ನಿಂಗೇನು ಕಷ್ಟ?" ಎಂದಳು.

"ನಿನ್ನೊಬ್ಬಾಕೀದು ಅಲ್ಲಕ್ಕ. ಅಲ್ಲಿ ಇನ್ನೂ ಎಷ್ಟೋ ಮಂದಿ ಬರ್ತಾರ. ಮುದುಕರು, ಬಸುರೇರು. ಆ ಲಾರಿ ನಡುವ ಅವರು ಹೆಂಗ ನಡೀಬೇಕು?"

"ಅವರ್ಯಾರು ಅಂತ ನಿಂಗ ಗೊತ್ತೇನು? ಹೆಸರು ಹೇಳು ನೋಡಾನ. ಇನ್ನಾ ಹುಟ್ಟಲಾರದ ಓಣಿ ಮಂದಿ ಸಲುವಾಗಿ, ಎದುರಿಗೆ ಕುಂತ ಅಕ್ಕನ ಮನಿ ಕೆಡವ್ತೀಯೇನು? ಕೈಗೆ ಬಂದ ತುತ್ತು ಬಾಯಿಗೆ ಬರಲಾರದಂಗ ಮಾಡಿದಿ."

ಅವರಿಗಿನ್ನೂ ಹೆಸರಿರಲಿಲ್ಲ. ಆದರೆ ಅವರು ನನಗೆ ಕಾಣುತ್ತಿದ್ದರು. ಕಟ್ಟೆಯ ಮೇಲೆ ತೂಕಡಿಸುವ ಮುದುಕ, ಸಂಡಿಗೆ ಇಟ್ಟವಳು, ಎಲ್ಲರೂ ಲಾರಿಗಳ ಪಕ್ಕದಲ್ಲಿ ಧೂಳು ಮೆತ್ತಿಕೊಂಡು ಒಬ್ಬರ ಹಿಂದೊಬ್ಬರು ನಡೆಯುತ್ತಿದ್ದರು. ಅವರ ಸಾಲಿನ ಕೊನೆಯಲ್ಲಿ ಅಕ್ಕ, ಭಾರವನ್ನೆಲ್ಲ ಒಂದೇ ಕಾಲಿಗೆ ಹಾಕಿ. ಇದನ್ನು ಅವಳಿಗೆ ಹೇಳುವುದು ಹೇಗೆ? ಎದ್ದು ಬಂದೆ. ಮರುದಿನ ವರದಿ ತಿದ್ದಿದೆ.

ಸಾಹೇಬರು ಹೇಳಿದಂತೆಯೇ ಆಯಿತು. ಮಾಲಕ ಅರ್ಜಿ ಹಿಂದಕ್ಕೆ ಪಡೆದ. ಆ ಹೊಲದಲ್ಲಿ ಈಗ ಮೆಕ್ಕೆಜೋಳವಿದೆ. ಅಷ್ಟರಲ್ಲಿ ಬೇರೆ ಕಡೆಯ ನಿವೇಶನಗಳೂ ಅಕ್ಕನ ಕೈಗೆಟುಕದಷ್ಟು ಮೇಲೆ ಹೋದವು. ದೀಪಾವಳಿಯ ತನಕ ಅವಳು ನನ್ನ ಫೋನ್ ಎತ್ತಲಿಲ್ಲ. ಆಮೇಲೆ ಒಂದು ದಿನ ತಾನಾಗಿಯೇ ಮಾತಾಡಿದಳು, ಹುಣಸೆಹಣ್ಣು ಬೇಕೇನು ಎಂದು ಕೇಳಿ. ಆ ವಿಷಯವನ್ನು ವರ್ಷಗಟ್ಟಲೆ ಇಬ್ಬರೂ ಎತ್ತಲಿಲ್ಲ.

ಮೊನ್ನೆ ನಾನೇ ಎತ್ತಿದೆ. ಅವಳು ಅದೇ ಬಾಡಿಗೆ ಮನೆಯಲ್ಲಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ನಿವೃತ್ತಿಗೆ ಇನ್ನು ಹೆಚ್ಚು ದಿನವಿಲ್ಲ, ಕೈ ಮೊದಲಿನಷ್ಟು ಚುರುಕಿಲ್ಲ.

"ಅಕ್ಕ, ನಾ ಅವತ್ತು ತಿದ್ದಿ ಬರ್ದಿದ್ದು ತಪ್ಪೇನು?"

"ತಪ್ಪು ಯಾಕ ಆಗ್ತೈತಿ? ನಿನ್ನ ಜಾಗದಾಗ ಇದ್ದಿದ್ರ ನಾನೂ ಹಂಗ ಬರೀತಿದ್ದೆ" ಎಂದಳು. ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಅದಕ್ಕೆ ನೀರು ಸವರಿದಳು. ನನ್ನ ಕಡೆ ನೋಡದೆಯೇ ಹೇಳಿದಳು:

"ಆದ್ರ ತಂಗೀ, ನನಗ ಮನಿ ಬೇಕಿತ್ತು."