ಹಳೆಯ ಪೆಟ್ಟಿಗೆ, ಹೊಸ ಪೆಟ್ಟಿಗೆ

ಮೊಳಕಾಲ್ಮೂರಿನ ನೇಕಾರರು ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಹಾಗಾಗಿ ಚಳ್ಳಕೆರೆಯ ಕಂಪ್ಯೂಟರ್ ರಿಪೇರಿಯ ಜುಲ್ಫಿಕರ್ ಅಲ್ಲಿಗೆ ಹೋಗುವುದೂ ಅಮಾವಾಸ್ಯೆಗೇ. ಪಂಚಾಂಗ ಅವನಿಗೆ ಬಾಯಿಪಾಠವಾಗಿದ್ದು ಕಂಡು ಹೆಂಡತಿ ಜಬೀನ್ ಮೊದಮೊದಲು ನಗುತ್ತಿದ್ದಳು. ಈಗ ಅವನ ಸೊಂಟ ಬಸ್ಸಿನ ಕುಲುಕಾಟ ತಾಳುವುದಿಲ್ಲ. ಈ ಸಲ, ಇನ್ನು ಬರಲಾಗದೆಂದು ಕೈಮುಗಿದು ಬಂದುಬಿಡಿ ಎಂದು ಹೇಳಿ ಕಳಿಸಿದ್ದಳು. ಅವನಿಗೂ ಸಾಕುಸಾಕಾಗಿತ್ತು.

ಈ ಸಲ ಕರೆ ಬಂದದ್ದು ದ್ರಾಕ್ಷಾಯಣಮ್ಮನ ಮನೆಯಿಂದ. ಅವಳದು ಸೀರೆ ಡಿಸೈನಿನ ಕೆಲಸ. ಸೆರಗಿನ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ತುಂಬಿ, ರಟ್ಟಿಗೆ ತೂತು ಹೊಡೆಯುವ ಯಂತ್ರಕ್ಕೆ ಕಳಿಸಬೇಕು. ಆ ರಟ್ಟುಗಳು ಮಗ್ಗ ಏರಿದರೇ ರೇಷ್ಮೆಯಲ್ಲಿ ನವಿಲು ಮೂಡುವುದು. ಗಂಡ ಹೋದ ಮೇಲೆ ಅವಳನ್ನು ಕಾಲ ಮೇಲೆ ನಿಲ್ಲಿಸಿದ್ದು ಇದೇ ಕೆಲಸ.

ಅಳಿಯ ಚಂದ್ರಶೇಖರ್ ಒಳ್ಳೆಯವನೇ, ಅವಸರ ಜಾಸ್ತಿ. ಅತ್ತೆಗೆ ಅನುಕೂಲವಾಗಲೆಂದು ಹಳೆಯ ಕಂಪ್ಯೂಟರ್ ಪೆಟ್ಟಿಗೆಯನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಹೊಳೆಯುವ ಹೊಸದನ್ನು ತಂದು ಕುಂಕುಮ ಹಚ್ಚಿ ಕೂರಿಸಿದ್ದ. ಡಿಸೈನುಗಳನ್ನಾದರೂ ಪೆನ್‌ಡ್ರೈವಿಗೆ ಹಾಕಿಟ್ಟಿದ್ದ, ಪುಣ್ಯಾತ್ಮ. ಆದರೆ ಅವನ್ನು ತೆರೆಯುವ ಸಾಫ್ಟ್‌ವೇರ್ ನಡೆಯುವುದು ಹಳೆಯ ವಿಂಡೋಸಿನಲ್ಲಿ ಮಾತ್ರ. ಹಳೆಯ ವಿಂಡೋಸ್ ಹೊಸ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ತೂತು ಹೊಡೆಯುವ ಯಂತ್ರದ ವೈರಿನ ಅಗಲವಾದ ಪಿನ್ನಿಗೆ ಅದರ ಹಿಂಬದಿಯಲ್ಲಿ ಜಾಗವೇ ಇಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಜುಲ್ಫಿಕರ್ ಬೆಳಗಿನಿಂದ ಹೆಣಗಿದ. ಪ್ರತಿ ಸಲವೂ ಅರ್ಧಕ್ಕೆ ಬಂದು ನೀಲಿ ಪರದೆ. ಅವನ ಅಂಗಡಿಯ ಮೂಲೆಯಲ್ಲಿ ಹಳೆಯ ವಿಂಡೋಸಿನ ಪೆಟ್ಟಿಗೆಯೊಂದು ಉಳಿದಿತ್ತು. ಆ ಮಾತು ಎತ್ತಿದರೆ ಮತ್ತೆ ಇದೇ ಬಸ್ಸು, ಇದೇ ರಿಪೇರಿ. ಎತ್ತಲಿಲ್ಲ. ಹೊಸದಕ್ಕೆ ಹೊಂದುವ ಸಾಫ್ಟ್‌ವೇರ್, ಯಂತ್ರ ಎಲ್ಲ ಬಂದಿವೆ, ತರಿಸಿ ಕಲಿತುಬಿಡಿ ಎಂದ. ತಾನೇ ತರಿಸುವುದಾಗಿ ಚಂದ್ರಶೇಖರ್ ಉತ್ಸಾಹದಿಂದ ಒಪ್ಪಿದ.

ದ್ರಾಕ್ಷಾಯಣಮ್ಮ ಅಳಿಯನನ್ನು ಕಾಫಿಪುಡಿ ತರಲು ಕಳಿಸಿದಳು. ಅವನು ಬೀದಿ ತಿರುಗಿದ ಮೇಲೆ ದನಿ ತಗ್ಗಿಸಿದಳು.

"ಸಾಬ್ರೆ, ನಂಗೆ ಕಣ್ಣು ಮಂಜಾಗಿ ಬಾಳ ದಿನ ಆತು. ಇನ್ನು ಸರಿಹೋಗಲ್ಲ ಅಂದವ್ರೆ ಡಾಕ್ಟ್ರು. ಹಳೇದ್ರಾಗೆ ಯಾವ ಗುಂಡಿ ಎಲ್ಲೈತೆ ಅಂತ ಬೆರಳಿಗೇ ಗೊತ್ತು, ಚುಕ್ಕಿ ಲೆಕ್ಕಾನೂ ಬೆರಳೇ ಹಾಕ್ಕಂತೈತೆ. ಹೊಸದು ಕಲಿಯಾಕೆ ಕಣ್ಣು ಬೇಕಲ್ರಿ. ಮನೇಲಿ ಗೊತ್ತಾದ್ರೆ ಕೆಲಸ ಬಿಡಿಸ್ತಾರೆ."

ಜುಲ್ಫಿಕರನಿಗೆ ಸಂಕಟವಾಯಿತು, ಸಿಟ್ಟೂ ಬಂತು. ಯಾರ ಮೇಲೆಂದು ತಿಳಿಯಲಿಲ್ಲ. ಹೊರಗೆ ಹೋಗಿ ಜಬೀನ್‌ಗೆ ಫೋನ್ ಮಾಡಿ, ಮೂಲೆಯ ಪೆಟ್ಟಿಗೆಯನ್ನು ಸಂಜೆ ಬಸ್ಸಿಗೆ ಹಾಕಿಸು ಎಂದ. ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು.

ಚಂದ್ರಶೇಖರ್ ಕಾಫಿಪುಡಿ ತಂದ.

"ಹೊಸ ಸಾಫ್ಟ್‌ವೇರ್ ಬ್ಯಾಡ ಸರ್," ಎಂದ ಜುಲ್ಫಿಕರ್. "ಅದು ನಂಗೇ ಬರಲ್ಲ. ಹಳೇ ಪೆಟ್ಟಿಗೇನೇ ಹಾಕ್ಕೊಡ್ತೀನಿ."

ಚಂದ್ರಶೇಖರ್ ಕನಿಕರದಿಂದ ನೋಡಿದ. ಕಾಲಕ್ಕೆ ತಕ್ಕಂತೆ ನೀವೂ ಕಲಿಯಬೇಕು ಎಂದು ತಿಳಿಹೇಳಿದ. ಜುಲ್ಫಿಕರ್ ತಲೆತಗ್ಗಿಸಿ ಹೌದು ಹೌದು ಎಂದ. ದ್ರಾಕ್ಷಾಯಣಮ್ಮ ಗೋಡೆ ಹಿಡಿದುಕೊಂಡು ಕಾಫಿ ಮಾಡಲು ಒಳಗೆ ಹೋದಳು.