ಹತ್ತು ಸೀರೆಗೆ ಐದು ರವಿಕೆ

ನನ್ನ ತಂಗಿಯ ಮೈಗೆ ನಾನು ಟೇಪು ಹಿಡಿದದ್ದು ಒಂದೇ ಒಂದು ಸಲ. ಮಧುಗಿರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಯಾರೇ ಬರಲಿ, ಬಟ್ಟೆಯ ಜೊತೆ ಒಂದು ಅಳತೆ ರವಿಕೆ ತರುತ್ತಾರೆ; ತಮ್ಮ ಹಳೆಯ ರವಿಕೆಗಳಲ್ಲಿ ಮೈಗೆ ಸರಿಯಾಗಿ ಕೂರುವ ಒಂದನ್ನು. ಅದನ್ನು ಹೊಸ ಬಟ್ಟೆಯ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಹಾಕಿದರೆ ಆಯಿತು. ಮೈ ಮುಟ್ಟಿ ಅಳೆಯುವ ಟೈಲರುಗಳನ್ನು ಕಂಡರೆ ನನಗೆ ಒಂದು ಥರಾ ತಾತ್ಸಾರ. ಕೈಯಲ್ಲಿ ಕಸುಬಿಲ್ಲದವರಿಗೆ ಟೇಪು ಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಮೈಮೇಲೆ ತೊಡಿಸಿ ಪಿನ್ನು ಚುಚ್ಚಿ ಸರಿಮಾಡುವ ಅಭ್ಯಾಸವೂ ಇಲ್ಲ. ತೊಟ್ಟ ಬಟ್ಟೆಗೆ ಸೂಜಿ ಹಾಕಬಾರದು ಎಂದು ಅಮ್ಮ ಹೇಳುತ್ತಿದ್ದಳು. ಗುಂಡಿ ಕಿತ್ತುಹೋದರೂ ಅಂಗಿ ಬಿಚ್ಚಿಸಿಯೇ ಹೊಲಿದುಕೊಡುತ್ತಿದ್ದಳು.

ತಂಗಿಯ ಅಳತೆ ರವಿಕೆ ಕಾಫಿಪುಡಿ ಬಣ್ಣದ್ದು. ಅವಳು ಬಿ.ಎಡ್. ಓದುವಾಗ ನಾನೇ ಹೊಲಿದದ್ದು. ಮೆಷಿನ್ನಿನ ಹಿಂದಿನ ಮೊಳೆಯಲ್ಲಿ ಅದು ವರ್ಷಗಟ್ಟಲೆ ನೇತಾಡುತ್ತಿತ್ತು.

ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಗಂಡನ ಮನೆಯಿಂದ ಮೆಷಿನ್ನೊಂದನ್ನೇ ಹೊತ್ತುಕೊಂಡು ವಾಪಸು ಬಂದವಳು; ಅದನ್ನು ನೋಡಿಯೋ ಏನೋ, ಅವಳು ಮದುವೆಯ ಮಾತೆತ್ತಿದರೆ ಮೂಗು ಮುರಿಯುತ್ತಿದ್ದಳು. ಕೊರಟಗೆರೆ ಕಡೆಯ ಒಂದು ಶಾಲೆಯಲ್ಲಿ ಆರು ವರ್ಷ ಅತಿಥಿ ಶಿಕ್ಷಕಿಯಾಗಿ ಗಣಿತ ಕಲಿಸಿದಳು. ಅತಿಥಿ ಎಂದರೆ ಕೂರಿಸಿ ಕಾಫಿ ಕೊಡುತ್ತಾರೆ ಎಂದುಕೊಳ್ಳಬೇಡಿ. ಜೂನ್ ಬಂದರೆ ಬಾ, ಮಾರ್ಚ್ ಮುಗಿದರೆ ಹೋಗು, ಅಷ್ಟೆ. ಆಗ ಅವಳಿಗಿದ್ದದ್ದು ವಾರಕ್ಕೆ ಆಗುವಷ್ಟು ಸೀರೆ. ಒಂದು ದಿನ ತರಗತಿಯಲ್ಲಿ ಒಬ್ಬ ಹುಡುಗಿ, “ಮಿಸ್, ಇವತ್ತು ಬುಧವಾರ ಅಲ್ವಾ, ಹಸಿರು ಸೀರೆ ಉಟ್ಟಿದೀರಲ್ಲ” ಎಂದಳಂತೆ. ಮಕ್ಕಳೆಲ್ಲ ನಕ್ಕರಂತೆ. ಅದನ್ನು ನನಗೆ ನಗುತ್ತಲೇ ಹೇಳಿದವಳು ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಹಾಗಾಗಿ ಪಾವಗಡ ತಾಲ್ಲೂಕಿನ ಹೈಸ್ಕೂಲಿಗೆ ಕಾಯಂ ನೌಕರಿಯ ಆರ್ಡರ್ ಬಂದಾಗ ಅವಳು ಮೊದಲು ತೆಗೆದದ್ದು ಒಂದು ನೋಟ್‌ಬುಕ್ಕು. ಗಣಿತದ ಟೀಚರ್ ಅಲ್ಲವೇ, ಎಲ್ಲಕ್ಕೂ ಸೂತ್ರ ಬೇಕು. “ಹತ್ತು ಸೀರೆ, ಐದು ರವಿಕೆ ಸಾಕು ಕಣಕ್ಕಾ. ಒಂದೊಂದು ಸೀರೆಗೂ ಎರಡೆರಡು ರವಿಕೆ ಹೊಂದ್ಬೇಕು. ಇಪ್ಪತ್ತು ಜೊತೆ ಆಗ್ತವೆ. ಒಂದು ತಿಂಗ್ಳು ಯಾವ ಹುಡುಗೀನೂ ನನ್ ನೋಡಿ ವಾರ ಹೇಳಂಗಿಲ್ಲ” ಎಂದಳು. ಅಮ್ಮನ ಸೀರೆಗಳಲ್ಲಿ ನಾಲ್ಕು, ಅವಳವು ಮೂರು, ಹೊಸದು ಮೂರು. ಒಂದೊಂದರ ಅಂಚಿನಿಂದ ನೂಲು ಎಳೆದು ಪುಟಕ್ಕೆ ಅಂಟಿಸಿ, ಸೀರೆಗೆ ಎರಡು ಜೊತೆಯ ಲೆಕ್ಕದಲ್ಲಿ ಒಂದರಿಂದ ಇಪ್ಪತ್ತರವರೆಗೆ ನಂಬರು ಹಾಕಿದಳು.

ರವಿಕೆ ಬಟ್ಟೆಗೆ ಶಿರಾಕ್ಕೆ ಹೋದೆವು. ಅಲ್ಲಿನ ಅಂಗಡಿಯ ಹಿರಿಯರು ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಒಂದೊಂದು ನೂಲಿಗೂ ಥಾನು ಇಳಿಸಿ ತೋರಿಸಿದರು. ಕಪ್ಪು, ಮೆರೂನ್, ಸಾಸಿವೆ ಹಳದಿ, ಬಾಟಲ್ ಗ್ರೀನ್. ಐದನೆಯದಕ್ಕೆ ಅವಳು ಕೈ ಹಾಕಿದ್ದು ಅವರೆ ಹೂವಿನ ತಿಳಿ ನೇರಳೆ ಬಣ್ಣಕ್ಕೆ. ನನಗೆ ಅದು ಇಷ್ಟವಾಗಲಿಲ್ಲ, ಬೇಗ ಬಣ್ಣ ಬಿಡುತ್ತದೆ ಎಂದೆ. “ನೋಡಮ್ಮಾ, ಈ ಬಣ್ಣಾನ ಜರಾ ಮುಖದ ಹತ್ರ ಹಿಡಿರಿ” ಎಂದರು ಅವರು. ಹಿಡಿದಳು. ಅವಳ ಮುಖ ಅಷ್ಟು ಚೆನ್ನಾಗಿ ಕಂಡದ್ದನ್ನು ನಾನು ಬೇರೆಂದೂ ನೋಡಿಲ್ಲ. ಸುಮ್ಮನೆ ಕಟ್ಟಿಸಿದೆ.

ಮೊದಲು ಕಪ್ಪು ರವಿಕೆ ಹೊಲಿದೆ. ತೊಟ್ಟು ನೋಡಿ, “ಎಡಗಡೆ ಬಿಗಿಯಾಗೈತೆ, ಒಸಿ ಬುಡಕ್ಕಾ” ಎಂದಳು. ಒಳಗೆ ಒಂದಿಂಚು ಬಟ್ಟೆ ಯಾವಾಗಲೂ ಬಿಟ್ಟಿರುತ್ತೇನೆ, ಮೈ ಬಂದರೆ ಇರಲಿ ಎಂದು. ಎಡ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಹೊಲಿದೆ. ಬಲಗಡೆ ಸರಿಯಾಗಿಯೇ ಇತ್ತು. “ಲೇ, ಒಂದೇ ಮೈಯಾಗೆ ಎರಡು ಅಳತೆ ಇರ್ತದೇನೇ? ಬ್ಯಾಗು ಒಂದೇ ಕಡೆ ಹೊತ್ಕಂಡು ಓಡಾಡ್ತೀಯಲ್ಲ, ಅದ್ಕೇ” ಎಂದು ಗದರಿದೆ. ಅವಳು ರವಿಕೆ ಮಡಿಸಿಕೊಂಡು ಒಳಗೆ ಹೋದಳು. ನನ್ನ ಅನುಮಾನವೆಲ್ಲ ನನ್ನ ಕತ್ತರಿಯ ಮೇಲೆ. ಕೈ ತಪ್ಪಿದೆ ಎಂದು ಒಪ್ಪಿಕೊಳ್ಳಲು ಅಹಂಕಾರ ಬಿಡಲಿಲ್ಲ. ಹಾಗಾಗಿ ಉಳಿದ ನಾಲ್ಕನ್ನೂ ಯಾರಿಗೂ ಹೇಳದೆ ಎಡಗಡೆ ಅರ್ಧ ಇಂಚು ಹೆಚ್ಚಿಟ್ಟೇ ಕತ್ತರಿಸಿದೆ. ಐದೂ ಸರಿಯಾಗಿ ಕೂತವು. ನನ್ನ ಕೈ ಎಂದರೆ ಕೈ ಎಂದು ಬೀಗಿದೆ.

ಮಿಡಿಗೇಶಿ ಮೇಲೆ ಹೋಗುವ ಬೆಳಗಿನ ಬಸ್ಸಿಗೆ ಅವಳು ದಿನವೂ ಹೊರಡುತ್ತಿದ್ದಳು. ಹಿಂದಿನ ಸಂಜೆಯೇ ನೋಟ್‌ಬುಕ್ಕು ನೋಡಿ ಮರುದಿನದ ಜೊತೆಯನ್ನು ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಡುವಳು, ನಂಬರಿನ ಮುಂದೆ ಸರಿ ಗುರುತು ಹಾಕುವಳು. ಆ ಕಡೆಯ ಮಕ್ಕಳಿಗೆ ಮನೆಯಲ್ಲಿ ತೆಲುಗು. “ಟೀಚರ್, ಮೀ ಚೀರ ಬಾಗುಂದಿ” ಅಂತ ನನ್ ಸೀರೆ ಹೊಗಳ್ತಾವೆ ಎಂದು ಬೀಗುತ್ತಾ ಬರುತ್ತಿದ್ದಳು.

ದಸರಾ ರಜೆಯಲ್ಲಿ ಐದೂ ರವಿಕೆ ತಂದು ನನ್ನ ಮುಂದಿಟ್ಟು, ಎಡಗಡೆ ಇನ್ನೊಂದು ಸಲ ಬಿಡು ಎಂದಳು. ಬಿಟ್ಟೆ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ತಂದಳು. ಒಳಗೆ ಬಿಡಲು ಬಟ್ಟೆಯೇ ಉಳಿದಿರಲಿಲ್ಲ. ಬೈದುಕೊಂಡೇ ಕಂಕುಳ ಕೆಳಗೆ ಬೇರೆ ತುಂಡು ಸೇರಿಸಿ ಹೊಲಿದೆ. ಮದುವೆ ಸೀಸನ್ನು, ತಲೆ ಮೇಲೆ ಹೊರುವಷ್ಟು ಬಟ್ಟೆ ಬಿದ್ದಿತ್ತು. ಅವಳು ನನ್ನ ಪಕ್ಕದ ಸ್ಟೂಲಿನಲ್ಲಿ ಹೊಲಿದು ಮುಗಿಯುವವರೆಗೂ ಕೂತಿದ್ದಳು. ಏನು ಕೂತಿದ್ದೀಯ, ಹೋಗಿ ಅನ್ನಕ್ಕಿಡು ಎಂದೆ. ಎದ್ದು ಹೋದಳು.

ಕಂಡುಹಿಡಿದದ್ದು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ತನ್ನ ಗುಲಾಬಿ ಸಮವಸ್ತ್ರದ ರವಿಕೆ ಒಯ್ಯಲು ಬಂದವಳ ಕಣ್ಣಿಗೆ ಹಗ್ಗದ ಮೇಲೆ ಒಗೆದು ಹಾಕಿದ್ದ ಐದು ರವಿಕೆಗಳು ಬಿದ್ದವು. ಒಂದನ್ನು ತಿರುಗಿಸಿ ನೋಡಿದಳು, ಇನ್ನೊಂದನ್ನು ನೋಡಿದಳು. “ಯಾರ್ದಕ್ಕಾ ಇವು? ಎಲ್ಲದ್ಕೂ ಒಂದೇ ಕಡೆ ಯಾಕೆ ಬಟ್ಟೆ ಕೊಟ್ಟಿದೀಯ?” ಎಂದಳು. ತಂಗಿಯದ್ದು ಎಂದೆ. ರವಿಕೆ ಕೈಯಲ್ಲೇ ಹಿಡಿದುಕೊಂಡು, ನಾಳೆಯೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದಳು. ಹದಿನೆಂಟು ವರ್ಷದ ಟೈಲರು ನಾನು. ಐದು ಸಲ ಅಲ್ಲ, ಹನ್ನೊಂದು ಸಲ ಆ ಹೊಲಿಗೆ ಬಿಚ್ಚಿದ್ದೆ.

ತುಮಕೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುವಾಗ ಕೇಳಿದೆ, ನನಗೇಕೆ ಹೇಳಲಿಲ್ಲ ಎಂದು.

“ಆರ್ಡರ್ ಬರೋಕ್ ಮುಂಚೇನೇ ಎದೆಯಾಗೆ ಗಂಟು ಇತ್ತು ಕಣಕ್ಕಾ. ಕೆಲ್ಸಕ್ಕೆ ಸೇರಕ್ಕೆ ಫಿಟ್ನೆಸ್ ಸರ್ಟಿಫಿಕೇಟ್ ಬೇಕಿತ್ತು. ಗಂಟು ಐತೆ ಅಂದ್ರೆ ಕೊಡ್ತಿದ್ರಾ? ಆರು ವರ್ಷ ಕಾದಿದ್ದೆ. ಒಂದು ವರ್ಷ ಕಳೀಲಿ, ಆಮ್ಯಾಕೆ ತೋರ್ಸೋಣ ಅಂತಿದ್ದೆ.”

“ನಾನೇನು ಸರ್ಕಾರಾನೇನೇ? ನಂಗ್ ಹೇಳಕ್ಕೆ ಏನಾಗಿತ್ತು?”

“ಬಾಯಿ ಬರ್ಲಿಲ್ಲ. ಮೂರು ಸಲ ಎಡಗಡೇನೇ ಬುಡು ಅಂದೆ. ನೀನೇ ಕೇಳ್ತೀಯ ಅಂದ್ಕಂಡಿದ್ದೆ.”

ಆ ಮಾತು ನನಗೆ ಈವತ್ತಿಗೂ ಜೀರ್ಣವಾಗಿಲ್ಲ. ಆಗುವುದೂ ಬೇಡ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಎಡಗಡೆಯದನ್ನು ಪೂರ್ತಿ ತೆಗೆದರು. ಕೂದಲು ಹೋಯಿತು, ಮತ್ತೆ ಗಿಡ್ಡಗೆ ಬಂತು. ದಸರಾ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಹಟ ಹಿಡಿದು ಹೊರಟು ನಿಂತಳು. “ಈಗಾದ್ರೂ ಟೇಪ್ ಹಿಡಿಯಕ್ಕಾ” ಎಂದು ನನ್ನ ಮುಂದೆ ಬಂದು ಕೈಯೆತ್ತಿ ನಿಂತದ್ದು ಆಗಲೇ. ಹಿಡಿದೆ. ಟೇಪಿನ ಅಂಕಿ ನನ್ನ ಕಣ್ಣಿಗೆ ಕಾಣಿಸಲಿಲ್ಲ. ಅವಳೇ ಬಗ್ಗಿ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಸೇರಿಸಿದ್ದ ತುಂಡುಗಳನ್ನು ಬಿಚ್ಚಿ ತೆಗೆದೆ, ಎಡಗಡೆ ಹಿಡಿದು ಹೊಲಿದೆ, ಒಳಗೆ ಮೆತ್ತನೆ ಬಟ್ಟೆ ಮಡಿಸಿಟ್ಟು ಉಬ್ಬು ಕೊಟ್ಟೆ. ಹಳೆಯ ಹೊಲಿಗೆಯ ಸೂಜಿತೂತುಗಳು ಸಾಲುಸಾಲಾಗಿ ಹಾಗೇ ಉಳಿದವು. ಇಸ್ತ್ರಿ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಒಂದನೇ ನಂಬರಿನಿಂದ ಮತ್ತೆ ಗುರುತು ಹಾಕಲು ಶುರುಮಾಡಿದಳು. ನಡುವೆ ರಜೆ ಹಾಕುತ್ತಾ, ಸುಸ್ತಾಗುತ್ತಾ ಹದಿನಾರರವರೆಗೆ ಬಂದಳು. ಆಮೇಲೆ ಉಸಿರಾಡುವುದೇ ಕಷ್ಟವಾಯಿತು. ಶ್ವಾಸಕೋಶಕ್ಕೆ ಹೋಗಿದೆ ಎಂದರು ಡಾಕ್ಟರು. ಹಾಸಿಗೆಯಲ್ಲೇ ಕೆಲವು ವಾರ ಕಳೆದಳು. ಒಂದು ಮಧ್ಯಾಹ್ನ ನಾನು ಗಂಜಿ ಆರಿಸಿ ತರುವಷ್ಟರಲ್ಲಿ ಮುಗಿದಿತ್ತು.

ಮರುದಿನ ಬೆಳಿಗ್ಗೆ ನೀರು ಹಾಕಿದ ಮೇಲೆ, ಏನು ಉಡಿಸುವುದು ಎಂದು ಹೆಂಗಸರು ಕೇಳಿದರು. ನೋಟ್‌ಬುಕ್ಕು ತೆಗೆದೆ. ಹದಿನೇಳನೆಯದು ಅಮ್ಮನ ಬೂದು ಸೀರೆ, ಅವರೆ ಹೂವಿನ ಬಣ್ಣದ ರವಿಕೆ. ತಂದುಕೊಟ್ಟೆ. ಮೈ ಸೆಟೆದಿತ್ತು, ತೋಳು ಮಡಚುತ್ತಿರಲಿಲ್ಲ.

“ಹಿಂದುಗಡೆ ಉದ್ದಕ್ಕೂ ಕತ್ತರಿಸ್ಬುಟ್ಟು ಮುಂದಿನಿಂದ ತೂರಿಸಮ್ಮ, ಸೀರೆ ಸೆರಗು ಮುಚ್ತದೆ, ಯಾರು ನೋಡ್ತಾರೆ” ಎಂದಳು ಒಬ್ಬಾಕೆ, ನನ್ನದೇ ಕತ್ತರಿ ಹಿಡಿದು.

ಕಿತ್ತುಕೊಂಡೆ. ಸಾವಿನ ಮನೆ ಎಂಬುದನ್ನೂ ಮರೆತು ಕೂಗಾಡಿದೆ. ಬ್ಲೇಡು ತಂದು ಎಡ ಪಕ್ಕದ ಹೊಲಿಗೆಯನ್ನು ಸೊಂಟದಿಂದ ಕಂಕುಳವರೆಗೆ, ಅಲ್ಲಿಂದ ತೋಳಿನ ತುದಿಯವರೆಗೆ ಬಿಚ್ಚಿದೆ. ಆ ದಾರಿ ನನ್ನ ಕೈಗೆ ಚೆನ್ನಾಗಿ ಗೊತ್ತಿತ್ತು. ತೊಡಿಸಿದೆವು. ಹುಕ್ಕು ಹಾಕಿದೆ. ಆಮೇಲೆ ಸೂಜಿಗೆ ದಾರ ಪೋಣಿಸಿದೆ.

“ತೊಟ್ಟ ಬಟ್ಟೆಗೆ ಸೂಜಿ ಹಾಕಬ್ಯಾಡ ಕಣಮ್ಮ” ಎಂದರು ಹಿಂದಿನಿಂದ ಯಾರೋ.

ಹಾಕಿದೆ. ತೋಳಿನ ತುದಿಯಿಂದ ಕಂಕುಳಿಗೆ, ಅಲ್ಲಿಂದ ಸೊಂಟದವರೆಗೆ ಒತ್ತೊತ್ತಾಗಿ ಕೈಹೊಲಿಗೆ ಹಾಕಿದೆ. ಅವಳಿಗೆ ಚುಚ್ಚೀತು ಎಂದು ಎಡಗೈಯನ್ನು ಬಟ್ಟೆಯೊಳಗೆ ತೂರಿಸಿ, ಅವಳ ಪಕ್ಕೆಯ ಮೇಲೆ ಬೆರಳು ಅಡ್ಡ ಇಟ್ಟುಕೊಂಡೇ ಹೊಲಿದೆ.