ಮೊದಲು ಹತ್ತಿ ಕೊನೆಗೆ ಇಳಿಯುವವಳು

ಅವಳು ಕಲ್ಲೆದೆಯ ಹೆಂಗಸು. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಜೊತೆಯಲ್ಲಿ ದುಡಿಯುವವರು ಹಾಗೇ ಹೇಳುತ್ತಿದ್ದರು, ಒಡಹುಟ್ಟಿದ ತಂಗಿ ಹಾಗೇ ಹೇಳುತ್ತಿದ್ದಳು, ಗಂಡ ಕೂಡ ನಾಲಿಗೆ ನೆಟ್ಟಗಿದ್ದ ಕಾಲದಲ್ಲಿ ಹಾಗೇ ಹೇಳುತ್ತಿದ್ದ. ಅವಳು ಅದನ್ನು ಯಾವತ್ತೂ ಅಲ್ಲಗಳೆದವಳಲ್ಲ. ಕಾರ್ಖಾನೆಯ ವ್ಯಾನಿನಲ್ಲಿ ಓಡಾಡುವ ಹೆಂಗಸರು ಅವಳಿಗೆ ಹೊರಡಕ್ಕ ಎಂದು ಹೆಸರಿಟ್ಟಿದ್ದರು. ಎದುರಿಗೆ ಅಕ್ಕ, ಬೆನ್ನ ಹಿಂದೆ ಹೊರಡಕ್ಕ. ಡ್ರೈವರನ ಪಕ್ಕದ ಸೀಟಿನಲ್ಲಿ ಕೂತು, ಹೊತ್ತಾಯಿತೆಂದರೆ "ಹೊರಡು" ಎನ್ನುವವಳು ಅವಳು. ಹಿಂದೆ ಯಾರು ಓಡಿ ಬರುತ್ತಿದ್ದರೂ, ತುಂಬು ಬಸುರಿಯೇ ಏದುಸಿರು ಬಿಡುತ್ತ ಬರುತ್ತಿದ್ದರೂ, ಆ ಮಾತು ಒಂದು ಕ್ಷಣ ತಡವಾಗಿ ಬಂದದ್ದಿಲ್ಲ.

ಮಾತ್ರೆ ಕಾರ್ಖಾನೆಯಲ್ಲಿ ಅವಳದು ತಪಾಸಣೆಯ ಕೆಲಸ. ಓಡುವ ಬೆಲ್ಟಿನ ಮೇಲೆ ಮಾತ್ರೆಯ ಪಟ್ಟಿಗಳು ಒಂದರ ಹಿಂದೊಂದು ಸರಿದು ಬರುತ್ತವೆ. ಒಂದು ಗುಳಿ ಖಾಲಿಯಿದ್ದರೆ, ಒಂದು ಮಾತ್ರೆ ಮುಕ್ಕಾಗಿದ್ದರೆ, ಆ ಪಟ್ಟಿಯನ್ನು ಎತ್ತಿ ಪಕ್ಕದ ಡಬ್ಬಕ್ಕೆ ಹಾಕಬೇಕು. ದಿನವಿಡೀ ಇಷ್ಟೇ. ಬೆಲ್ಟು ಯಾರಿಗೂ ಕಾಯುವುದಿಲ್ಲ. ತಲೆ ತುರಿಸಿದರೂ ಬೆರಳು ಪಟ್ಟಿಯ ಮೇಲೇ ಇರಬೇಕು.

ಮದುವೆಯಾದ ಹೊಸದರಲ್ಲಿ ಕಾರ್ಖಾನೆ ಮನೆಯಿಂದ ಕೂಗಳತೆಯಲ್ಲಿತ್ತು. ಮಧ್ಯಾಹ್ನ ಬಂದು ಬಿಸಿ ಊಟ ಮಾಡಿ ಹೋಗುತ್ತಿದ್ದಳು. ಆಮೇಲೆ ಕಾರ್ಖಾನೆ ರೈಲು ಹಳಿಯ ಆಚೆಗೆ ಹೋಯಿತು. ಅವಳು ಬಸ್ಸು ಹಿಡಿದಳು. ಇನ್ನೂ ಕೆಲವು ವರ್ಷಕ್ಕೆ ಊರನ್ನೇ ದಾಟಿ, ಬಯಲಿನಲ್ಲಿ ತಗಡಿನ ಛಾವಣಿಯ ಹೊಸ ಕಟ್ಟಡಕ್ಕೆ ಹೋಯಿತು. ಆಗ ಕಂಪನಿಯವರು ಹೆಂಗಸರಿಗೆಂದು ವ್ಯಾನು ಕೊಟ್ಟರು. ಪ್ರತಿ ಸಲವೂ ಅವಳು "ಇಷ್ಟು ದೂರ ನನ್ನ ಕೈಲಾಗಲ್ಲ" ಎಂದಳು. ಪ್ರತಿ ಸಲವೂ ಹೋದಳು. ಮನುಷ್ಯ ದಿನಾ ಎಷ್ಟು ದೂರ ಹೋಗಿಬರುವುದನ್ನು ತಾಳಿಕೊಳ್ಳಬಲ್ಲ ಎಂಬುದಕ್ಕೆ ಉತ್ತರ ಇಷ್ಟೆ: ಒಂದೇ ಸಲಕ್ಕೆ ಕೇಳಿದರೆ ಯಾರೂ ಒಪ್ಪುವುದಿಲ್ಲ, ಚೂರು ಚೂರೇ ಬೆಳೆಸಿದರೆ ಎಲ್ಲಿಯೂ ನಿಲ್ಲುವುದಿಲ್ಲ. ಮನೆ ಬದಲಿಸುವ ಮಾತು ಬಂದಾಗಲೆಲ್ಲ ಗಂಡ ಬೇಡವೆಂದು ತಲೆಯಲ್ಲಾಡಿಸಿದ. ಅವನು ಲೇಥ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ ವರ್ಕ್‌ಶಾಪು ಮನೆಯ ಹಿಂದಿನ ಬೀದಿಯಲ್ಲಿತ್ತು. ಒಬ್ಬರಾದರೂ ಹತ್ತಿರ ಇರಬೇಡವೇ ಎಂಬುದು ಅವನ ವಾದ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನು ನಿಂತಲ್ಲೇ ಕುಸಿದ. ಬಲಭಾಗ ಪೂರ್ತಿ ಹೋಯಿತು. ಅಲ್ಲಿಂದಾಚೆ ಅವನು ಹತ್ತಿರವೇ ಉಳಿದ, ಕಿಟಕಿಯ ಪಕ್ಕದ ಮಂಚದ ಮೇಲೆ.

ಎದುರುಮನೆಯಾಕೆ ಒಳ್ಳೆಯವಳು. ಬೆಳಿಗ್ಗೆ ಇವಳು ಹೊರಟ ಮೇಲೆ ಬಂದು, ಮಧ್ಯಾಹ್ನ ಊಟ ಮಾಡಿಸಿ, ಮಗ್ಗುಲು ಬದಲಿಸಿ, ಸಂಜೆಯವರೆಗೆ ಕೂರುತ್ತಿದ್ದಳು. ಆದರೆ ಹೊತ್ತು ಮುಳುಗುವಾಗ ಅವಳೂ ಕೆಲಸಕ್ಕೆ ಹೋಗಬೇಕು. ಎಲ್ಲರೂ ಮನೆಗೆ ಹೋದ ಮೇಲೆ ಆಫೀಸುಗಳ ನೆಲ ಒರೆಸುವ ಕೆಲಸ ಅವಳದು.

"ಇನ್ನೂ ಎಷ್ಟೊತ್ತು ಅಂತ ಕೂರ್ಲಿ ಕಣಮ್ಮ? ನಮ್ಮ ಮೇಸ್ತ್ರಿ ಬಾಗಿಲಲ್ಲೇ ನಿಂತಿರ್ತಾನೆ ಮೂತಿ ಊದಿಸ್ಕೊಂಡು."

"ಕೂತ್ಕೊಳ್ಳಿ ಅಂತ ನಾನೆಲ್ಲಿ ಅಂದೆ? ಹೋಗೋವಾಗ ದೀಪ ಹಾಕಿ ಹೋಗಿ, ಸಾಕು."

ಎದುರುಮನೆಯಾಕೆ ದೀಪ ಹಾಕಿ ಬಾಗಿಲೆಳೆದುಕೊಂಡು ಹೋದ ಮೇಲೆ, ವ್ಯಾನು ಬೀದಿಯ ತುದಿಗೆ ಬಂದು ನಿಲ್ಲುವ ತನಕ ಅವನು ಒಬ್ಬನೇ. ಆ ನಡುವಿನ ಹೊತ್ತೇ ಅವಳ ಬದುಕಿನ ಲೆಕ್ಕ. ವ್ಯಾನಿನ ದಾರಿಯಲ್ಲಿ ಅವಳ ಮನೆ ಅತ್ತಕಡೆಯ ತುದಿ. ಬೆಳಿಗ್ಗೆ ಮೊದಲು ಹತ್ತುವವಳು ಅವಳು, ಸಂಜೆ ಕೊನೆಗೆ ಇಳಿಯುವವಳೂ ಅವಳೇ. ದಾರಿಯಲ್ಲಿ ಯಾರೇ ತಡಮಾಡಿದರೂ ಆ ತಡವೆಲ್ಲ ಹೋಗಿ ಸೇರುತ್ತಿದ್ದದ್ದು ಅವನ ಮಂಚದ ಪಕ್ಕಕ್ಕೆ. ಇದೇನು ಗುಟ್ಟಲ್ಲ, ವ್ಯಾನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದು ಯಾರೂ ಮರುಗಲಿಲ್ಲ, ಅವಳೂ ಮರುಗಿ ಎನ್ನಲಿಲ್ಲ. ಎಲ್ಲರ ಮನೆಯಲ್ಲೂ ಯಾರೋ ಒಬ್ಬರು ಕಾಯುತ್ತಿದ್ದರು. ಅದಕ್ಕೇ ಯಾರೂ ಯಾರಿಗೂ ಕಾಯುತ್ತಿರಲಿಲ್ಲ.

ಕಾರ್ಖಾನೆಯಿಂದ ಹೊರಬರುವಾಗ ಗೇಟಿನ ಗೋಡೆಯ ಮೇಲೆ ಒಂದು ಒತ್ತುಗುಂಡಿಯಿತ್ತು. ಪ್ರತಿಯೊಬ್ಬರೂ ಅದನ್ನು ಒತ್ತಬೇಕು. ಹಸಿರು ದೀಪ ಬಂದರೆ ಸೀದಾ ಹೋಗಬಹುದು. ಕೆಂಪು ಬಂದರೆ ಪಕ್ಕದ ಕೋಣೆಗೆ ನಡೆಯಬೇಕು. ಅಲ್ಲಿ ಕಾವಲಿನವಳು ಚೀಲ ಸುರುವಿ, ಊಟದ ಡಬ್ಬಿ ಬಿಚ್ಚಿ, ಜಡೆ ಬಿಡಿಸಿ, ಚಪ್ಪಲಿ ಕಳಚಿಸಿ ನೋಡುತ್ತಾಳೆ. ಮಾತ್ರೆ ಕದ್ದವರಿಗೇ ಕೆಂಪು ಬರಬೇಕೆಂದಿಲ್ಲ. ಅದು ಯಂತ್ರದ ಮನಸ್ಸಿಗೆ ಬಂದ ಹಾಗೆ. ಇಡೀ ಪಾಳಿಗೆ ಒಬ್ಬರಿಗೋ ಇಬ್ಬರಿಗೋ ಬರುತ್ತಿತ್ತು. ಕೆಂಪಿಗೆ ವ್ಯಾನು ಕಾಯುವುದಿಲ್ಲ ಎಂದು ಹೆಂಗಸರೆಲ್ಲ ಕೂತು ತೀರ್ಮಾನಿಸಿದ್ದರು. ತೀರ್ಮಾನ ಎಲ್ಲರದು, ಬಾಯಿ ಮಾತ್ರ ಹೊರಡಕ್ಕನದು. ಕೆಟ್ಟ ಹೆಸರು ಹೊರಲು ಒಬ್ಬರು ಸಿಕ್ಕಿದರೆ ಉಳಿದವರಿಗೆಲ್ಲ ಹಾಯೆನಿಸುತ್ತದೆ.

ವ್ಯಾನಿನಲ್ಲಿ ಒಬ್ಬಳಿದ್ದಳು, ಅವಳನ್ನು ಎಲ್ಲರೂ ರೇಡಿಯೊ ಎನ್ನುತ್ತಿದ್ದರು. ಹತ್ತಿದಾಗ ಶುರುವಾದ ಬಾಯಿ ಇಳಿದ ಮೇಲೂ ಕೇಳುತ್ತಿತ್ತು. ಗುಂಡಿಯ ಮುಂದೆ ಸಾಲಿನಲ್ಲಿ ನಿಂತಾಗ ಅವಳದೇ ಹಾಸ್ಯ.

"ಇವತ್ತು ನನಗೇ ಕೆಂಪು ಬರೋದು, ಬರೆದಿಟ್ಕೊಳ್ಳಿ. ಬೆಳಿಗ್ಗೆ ಎದ್ದು ನಮ್ಮ ಯಜಮಾನರ ಮುಖ ನೋಡಿಬಿಟ್ಟೆ."

"ದಿನಾ ನೋಡ್ತೀಯಲ್ಲೇ."

"ದಿನಾ ಬೆನ್ನು ನೋಡ್ತೀನಿ. ಇವತ್ತು ಅದೇನೋ ಈ ಕಡೆ ತಿರುಗಿ ಮಲಗಿದ್ರು."

ತಂಗಿಯ ವಿಷಯ ಹಳೆಯದು. ಆಗಿನ್ನೂ ಅವಳಿಗೆ ಹೊಸದಾಗಿ ಮದುವೆಯಾಗಿತ್ತು. ಅಕ್ಕನೇ ಹೇಳಿ ಕೆಲಸಕ್ಕೆ ಸೇರಿಸಿದ್ದಳು. ಒಂದು ಸಂಜೆ ತಂಗಿಗೆ ಕೆಂಪು ಬಂತು. ಡ್ರೈವರ್ ಪಕ್ಕಕ್ಕೆ ನೋಡಿದ. ಅಕ್ಕ "ಹೊರಡು" ಎಂದಳು. ತಂಗಿ ಬಸ್ಸು ಬದಲಿಸಿ, ಒಂದು ಬಸ್ಸು ತಪ್ಪಿಹೋಗಿ, ನಡೆದು ಮನೆ ಮುಟ್ಟುವಷ್ಟರಲ್ಲಿ ಅತ್ತೆ ಒಳಗಿನಿಂದ ಚಿಲಕ ಹಾಕಿದ್ದಳು. ಮರುದಿನದಿಂದ ಗಂಡನ ಮನೆಯವರು ಕೆಲಸ ಬಿಡಿಸಿದರು. ತಂಗಿ ಬಂದು ಅಕ್ಕನ ಹೊಸ್ತಿಲಲ್ಲಿ ನಿಂತಳು, ಒಳಗೆ ಬರಲಿಲ್ಲ.

"ನೀನು ಅಕ್ಕ ಅಲ್ಲ. ಕಲ್ಲು."

"ನಿಯಮ ಎಲ್ಲರಿಗೂ ಒಂದೇ."

"ನಂಗೂನಾ?"

"ನಿಂಗೂನೂ. ನಂಗೂನೂ."

ಅಲ್ಲಿಗೆ ಮಾತು ನಿಂತಿತು. ಭಾವನಿಗೆ ಲಕ್ವ ಹೊಡೆದಾಗ ತಂಗಿ ಬಂದಳು, ಅವನ ಕೈ ಹಿಡಿದುಕೊಂಡು ಕೂತಳು, ಅಕ್ಕನ ಕಡೆ ತಿರುಗಿಯೂ ನೋಡದೆ ಎದ್ದು ಹೋದಳು.

ವರ್ಷಗಳು ಕಳೆದವು. ತಂಗಿಯ ಅತ್ತೆ ಸತ್ತಳು. ಅವಳ ಗಂಡ ಕೆಲಸ ಮಾಡುತ್ತಿದ್ದ ಅಂಗಡಿ ಮುಚ್ಚಿತು. ಅವರು ಊರ ಹೊರಗಿನ ಹೊಸ ಬಡಾವಣೆಗೆ ಮನೆ ಬದಲಿಸಿದರು. ಬೇರೆ ದಾರಿ ಕಾಣದೆ ತಂಗಿ ಮತ್ತೆ ಅದೇ ಕಾರ್ಖಾನೆಗೆ ಸೇರಿದಳು. ಅವಳೊಬ್ಬಳನ್ನು ಹತ್ತಿಸಿಕೊಳ್ಳಲು, ಇಳಿಸಲು, ವ್ಯಾನು ಇನ್ನು ಮೇಲೆ ಬಡಾವಣೆಯನ್ನು ಸುತ್ತಿ ಬರಬೇಕಾಯಿತು. ಕಂಪನಿಯವರು ಯಾರನ್ನೂ ಕೇಳಲಿಲ್ಲ. ಡ್ರೈವರ್ ವಿಷಯ ತಿಳಿಸಿದಾಗ ಹೆಂಗಸರು ಗೊಣಗಿದರು. ಹೊರಡಕ್ಕ ಮಾತ್ರ ಬಾಯಿ ಬಿಡಲಿಲ್ಲ. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ಅವಳೇ. ಮೊದಲು ಮಬ್ಬಿನಲ್ಲಿ ಇಳಿಯುತ್ತಿದ್ದವಳು ಈಗ ಕಗ್ಗತ್ತಲಲ್ಲಿ ಇಳಿಯತೊಡಗಿದಳು.

ತಂಗಿ ಕೊನೆಯ ಸೀಟಿನಲ್ಲಿ ಕೂರುತ್ತಿದ್ದಳು. ರೇಡಿಯೊ ಸುಮ್ಮನಿರಲಾರದೆ ಅಂದಳು: "ಅಕ್ಕ ಮುಂದೆ, ತಂಗಿ ಹಿಂದೆ. ನಾವೆಲ್ಲ ನಡುವೆ ಗೋಡೆ ಕಟ್ಟೋಕೆ ಬಂದಿರೋ ಇಟ್ಟಿಗೆಗಳು." ಯಾರೂ ನಗಲಿಲ್ಲ. ಅವಳೇ ಸ್ವಲ್ಪ ನಕ್ಕು ಕಿಟಕಿಯ ಕಡೆ ತಿರುಗಿಕೊಂಡಳು.

ಹೀಗಿರುವಾಗ ಒಂದು ಸಂಜೆ ಹೊರಡಕ್ಕ ಗುಂಡಿ ಒತ್ತಿದಳು, ಕೆಂಪು ಹತ್ತಿತು.

"ಅಯ್ಯೋ, ನೀವಾ ಅಕ್ಕ?" ಎಂದಳು ಕಾವಲಿನವಳು. ಕನಿಕರದ ದನಿಯಾದರೂ ಅವಳ ಬೆರಳಿಗೆ ಅವಸರ ಗೊತ್ತಿರಲಿಲ್ಲ. ಜಡೆ ಬಿಚ್ಚಿದಳು. ಡಬ್ಬಿಯ ಮುಚ್ಚಳ ತಿರುಗಿಸಿ ಬೆಳಕಿಗೆ ಹಿಡಿದಳು. ಚಪ್ಪಲಿಯ ಅಟ್ಟೆ ಬಗ್ಗಿಸಿ ನೋಡಿದಳು. ಎಲ್ಲ ಮುಗಿಸಿ ಹೊರಗೆ ಬಂದಾಗ ವ್ಯಾನು ನಿಲ್ಲುವ ಜಾಗದಲ್ಲಿ ಎಣ್ಣೆ ಸೋರಿದ ಕಲೆ ಮಾತ್ರ ಇತ್ತು. ಅವಳಿಗೆ ಆಶ್ಚರ್ಯವಾಗಲಿಲ್ಲ. ಕೂದಲು ಗಂಟು ಹಾಕಿಕೊಂಡು ಬಸ್ಸಿನ ರಸ್ತೆಯ ಕಡೆ ನಡೆದಳು.

ಬೀದಿಯ ತಿರುವಿನಿಂದಲೇ ಕಿಟಕಿಯ ಬೆಳಕು ಕಾಣಿಸಿತು. ಬಾಗಿಲು ತೆರೆದರೆ ಅವನು ಮಂಚದ ಮೇಲಿರಲಿಲ್ಲ. ಮಂಚಕ್ಕೂ ಬಾಗಿಲಿಗೂ ನಡುವೆ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದ. ಕುರ್ಚಿಯ ಕಾಲಿಗೆ ತಲೆ ತಾಗಿತ್ತು, ಬಟ್ಟೆ ಒದ್ದೆಯಾಗಿತ್ತು.

"ಎಲ್ಲಿಗೆ ಹೊರಟಿದ್ರಿ?"

"ನೋ... ನೋಡೋಕೆ," ಎಂದ.

ಒರೆಸಿದಳು, ಬಟ್ಟೆ ಬದಲಿಸಿದಳು. ಎತ್ತಲು ಹೋದಾಗ ಅವನು ಕೂಗಿಕೊಂಡ ರೀತಿಗೆ ಕೈಬಿಟ್ಟಳು. ಸೊಂಟದ ಮೂಳೆ ಮುರಿದಿತ್ತು. ಈ ವಯಸ್ಸಿಗೆ, ಈ ಸ್ಥಿತಿಗೆ, ಅದು ಕೂಡುವುದಿಲ್ಲವೆಂದು ಆಸ್ಪತ್ರೆಯ ಡಾಕ್ಟರು ಅವಳ ಮುಖ ನೋಡದೆ ಹೇಳಿದರು. ಅಷ್ಟು ದಿನ ದಿಂಬಿಗೊರಗಿ ಕೂತು ಬೀದಿ ನೋಡುತ್ತಿದ್ದವನು ಇನ್ನು ಮೇಲೆ ಛಾವಣಿಯನ್ನೇ ನೋಡಬೇಕಾಯಿತು. ನಾಲಿಗೆಯಲ್ಲಿ ಉಳಿದಿದ್ದ ನಾಲ್ಕಾರು ಮಾತುಗಳೂ ಉದುರಿಹೋಗಿ "ಬೇಗ" ಎಂಬುದೊಂದು ಉಳಿಯಿತು. ಅದನ್ನು ಅವನು ನೀರಿಗೂ ಬಳಸುತ್ತಿದ್ದ, ಕಂಬಳಿಗೂ ಬಳಸುತ್ತಿದ್ದ, ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗಲೂ ಬಳಸುತ್ತಿದ್ದ.

ರಜೆ ಮುಗಿಸಿ ಅವಳು ಮತ್ತೆ ವ್ಯಾನು ಹತ್ತಿದ ದಿನ ರೇಡಿಯೊ ಮುಂದಕ್ಕೆ ಬಾಗಿ ಕಿವಿಯ ಹತ್ತಿರ ಪಿಸುಗುಟ್ಟಿದಳು.

"ನಮ್ಮ ಮೇಲೆ ಬೇಜಾರು ಮಾಡ್ಕೋಬೇಡ ಅಕ್ಕ. ಡ್ರೈವರಣ್ಣ ಕೇಳ್ದ, ಏನ್ಮಾಡ್ಲಿ ಅಂತ. ನಾವ್ಯಾರೂ ತುಟಿ ಪಿಟಕ್ ಅನ್ನಲಿಲ್ಲ, ದೇವರಾಣೆಗೂ. ಹಿಂದಿನ ಸೀಟಿಂದ ಬಂತು ಮಾತು."

ಹೊರಡಕ್ಕ ಹಿಂದೆ ತಿರುಗಲಿಲ್ಲ. ಮಧ್ಯಾಹ್ನ ಡಬ್ಬಿ ತೊಳೆಯುವ ನಲ್ಲಿಯ ಹತ್ತಿರ ತಂಗಿ ಒಬ್ಬಳೇ ಇದ್ದದ್ದು ನೋಡಿ ಹೋಗಿ ಪಕ್ಕದಲ್ಲಿ ನಿಂತಳು.

"ಹೊರಡು ಅಂದಿದ್ದು ನೀನಾ?"

"ಹೂಂ. ನಾನೇ."

"ಸರಿಯಾಗೇ ಅಂದೆ."

ತಂಗಿಯ ಕೈಯಲ್ಲಿದ್ದ ಡಬ್ಬಿಗೆ ನೀರು ತುಂಬಿ ಹರಿಯುತ್ತಿತ್ತು. "ಭಾವ ಬಿದ್ರಂತೆ. ಹೀಗಾಗತ್ತೆ ಅಂತ ನಾನು..."

"ಸರಿಯಾಗೇ ಅಂದೆ ಅಂದ್ನಲ್ಲ. ನಲ್ಲಿ ನಿಲ್ಸು, ನೀರು ಪೋಲಾಗ್ತಿದೆ."

"ಬೈಯೋದಾದ್ರೂ ಬೈಯಬಾರ್ದಾ ಅಕ್ಕ? ಕೆನ್ನೆಗೆ ಎರಡು ಬಿಡಬಾರ್ದಾ?"

ಅಷ್ಟು ವರ್ಷಗಳಲ್ಲಿ ತಂಗಿಯ ಬಾಯಿಂದ ಅಕ್ಕ ಎಂಬ ಮಾತು ಬಂದದ್ದು ಅದೇ ಮೊದಲು. ಹೊರಡಕ್ಕ ತಾನೇ ಕೈ ಚಾಚಿ ನಲ್ಲಿ ನಿಲ್ಲಿಸಿದಳು, ಬೆಲ್ಟಿನ ಕಡೆ ಹೊರಟುಹೋದಳು. ಅವಳು ಕ್ಷಮಿಸಿದ್ದಳೆಂದು ಯಾರೂ ತಿಳಿಯಬೇಕಾಗಿಲ್ಲ. ಮುಕ್ಕಾದ ಪಟ್ಟಿಯನ್ನು ಎತ್ತಿಡುವಷ್ಟೇ ನಿರ್ವಿಕಾರವಾಗಿ ಅವಳು ಆ ಮಾತು ಹೇಳಿದ್ದಳು. ನಿಯಮ ಪಾಲಿಸಿದವರ ಮೇಲೆ ಸಿಟ್ಟಾಗಲು ಅವಳಿಗೆ ಬರುತ್ತಿರಲಿಲ್ಲ, ಬರುತ್ತಿದ್ದರೆ ಇಷ್ಟು ವರ್ಷ ಆ ಸೀಟಿನಲ್ಲಿ ಕೂರಲು ಆಗುತ್ತಿರಲಿಲ್ಲ.

ಆಮೇಲಿನ ದಿನಗಳೂ ಹಾಗೇ ನಡೆದವು. ಎದುರುಮನೆಯಾಕೆಯ ಮೇಸ್ತ್ರಿ ಕೆಲಸದ ಹೊತ್ತನ್ನು ಇನ್ನೂ ಬೇಗಕ್ಕೆ ತಂದ. ಅವಳು ಇನ್ನೂ ಬಿಸಿಲಿರುವಾಗಲೇ ದೀಪ ಹಾಕಿ ಹೋಗತೊಡಗಿದಳು. ಬೇರೆ ಯಾರನ್ನಾದರೂ ಹುಡುಕಬೇಕೆಂದು ಹೊರಡಕ್ಕ ಭಾನುವಾರಗಳಂದು ಬೀದಿಯ ಮನೆಮನೆಗೂ ಹೋಗಿ ಕೇಳಿದಳು. ಎಲ್ಲರೂ ಕೂರಿಸಿ ಮಾತಾಡಿಸಿದರು, ಯಾರೂ ಒಪ್ಪಲಿಲ್ಲ. ಕೆಲಸ ಬಿಟ್ಟರೆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಹಸಿದುಕೊಂಡಿರಬಹುದು, ಅಷ್ಟೇ. ಅವಳು ಮೊದಲಿನಂತೆಯೇ ಮೊದಲು ಹತ್ತಿದಳು, ಕೊನೆಗೆ ಇಳಿದಳು, ನಡುವೆ "ಹೊರಡು" ಎಂದಳು. ರೇಡಿಯೊಗೂ ಒಂದು ದಿನ ಕೆಂಪು ಬಂತು. ಅವಳನ್ನೂ ಬಿಟ್ಟು ಹೊರಟರು. ಅಂದು ವ್ಯಾನಿನಲ್ಲಿ ಎಲ್ಲರೂ ನಿದ್ದೆ ಮಾಡಿದರು.

ಮೋಡ ಕವಿದ ಒಂದು ಸಂಜೆ ಎಲ್ಲರೂ ಹತ್ತಿ ಕೂತಿದ್ದರು. ಕೊನೆಯ ಸೀಟು ಖಾಲಿಯಿತ್ತು.

"ತಂಗಿಗೆ ಕೆಂಪು," ಎಂದಳು ರೇಡಿಯೊ, ಈ ಸಲ ಹಾಸ್ಯವಿಲ್ಲದೆ. "ನಾನೇ ನೋಡ್ದೆ. ಕೋಣೆಗೆ ಕರ್ಕೊಂಡು ಹೋದ್ರು."

ಡ್ರೈವರ್ ಎಂಜಿನ್ ಶುರು ಮಾಡಿ ಪಕ್ಕಕ್ಕೆ ನೋಡಿದ. ಅವಳು ಗಾಜಿನಾಚೆ ಕಪ್ಪಾಗುತ್ತಿದ್ದ ಬಯಲನ್ನು ನೋಡುತ್ತಿದ್ದಳು. ಎದುರುಮನೆಯಾಕೆ ದೀಪ ಹಾಕಿ, ಬಾಗಿಲೆಳೆದುಕೊಂಡು ಹೋಗಿ ಆಗಲೇ ಬಹಳ ಹೊತ್ತಾಗಿತ್ತು.

"ಹೇಳಿ ಅಕ್ಕ," ಎಂದ ಡ್ರೈವರ್.

ಹಿಂದಿನಿಂದ ಯಾರೋ ಅಂದರು: "ಹೊತ್ತಾಯ್ತು. ನಮ್ಮ ಮನೇಲೂ ಮಕ್ಕಳಿದಾರೆ."

"ಅವಳನ್ನ ಬಿಟ್ಟು ಹೋದ್ರೆ ಆ ಬಡಾವಣೆ ಸುತ್ತೋದೂ ತಪ್ಪತ್ತೆ. ನಿಂಗೇ ಒಳ್ಳೇದಲ್ವಾ ಅಕ್ಕ, ಭಾವನ ಹತ್ರ ಬೇಗ ಹೋಗ್ಬಹುದು," ಎಂದರು ಇನ್ನೊಬ್ಬರು. ಆ ಮಾತಿನಲ್ಲಿ ಕೊಂಕಿರಲಿಲ್ಲ, ಲೆಕ್ಕ ಸರಿಯಾಗಿಯೇ ಇತ್ತು.

ಅವಳು ತನ್ನ ಕಡೆಯ ಬಾಗಿಲಿನ ಹಿಡಿ ತಿರುಗಿಸಿದಳು. ಬಾಗಿಲು ತೆರೆದುಕೊಂಡಿತು. ಒಂದು ಕಾಲನ್ನು ಹೊರಗೆ ಚಾಚಿ, ಎಣ್ಣೆಯ ಕಲೆಯ ಪಕ್ಕದಲ್ಲಿ ನೆಲಕ್ಕೆ ಊರಿದಳು. ಇಳಿಯಲಿಲ್ಲ. ಮುಖ ಮುಂದಕ್ಕೇ ಇತ್ತು, ಡಬ್ಬಿಯ ಚೀಲ ತೊಡೆಯ ಮೇಲೇ ಇತ್ತು.

"ಕಾಲು ಒಳಗೆ ತಗೊಳ್ಳಿ ಅಕ್ಕ," ಎಂದ ಡ್ರೈವರ್. "ಬಾಗಿಲು ಹಾಕ್ಬೇಕು."

ಅವಳು ಕಾಲು ಒಳಗೆ ತೆಗೆದುಕೊಳ್ಳಲಿಲ್ಲ.